ಹೆಸರಿಲ್ಲದ ಪಾತೇಲಿ

ದಾನ ಮಾಡುವುದು ಇಷ್ಟು ತ್ರಾಸಿನ ಕೆಲಸ ಎಂದು ನನಗೆ ತಿಳಿದದ್ದು ಶಾಲೆಯ ನೌಕರಿಯಿಂದ ನಿವೃತ್ತಳಾದ ಮೇಲೆ. ಅಲ್ಲಿಯವರೆಗೆ ನಾನೂ ಎಲ್ಲರಂತೆ, ಕೊಡುವ ಮನಸ್ಸೊಂದಿದ್ದರೆ ಸಾಕು, ತೆಗೆದುಕೊಳ್ಳುವವರಿಗೇನು ಬರ ಎಂದುಕೊಂಡಿದ್ದೆ. ನಮ್ಮವ್ವನ ಹಿತ್ತಾಳೆ ಪಾತೇಲಿ ಆ ಭ್ರಮೆ ಬಿಡಿಸಿತು. ಗಟ್ಟಿಮುಟ್ಟಾದ ಒಂದು ಪಾತ್ರೆಯನ್ನು ಪುಕ್ಕಟೆ ಕೊಡುವುದಕ್ಕಾಗಿ ನಾನು ಎರಡು ವರ್ಷ ಓಡಾಡಿದ್ದೇನೆ. ಮಗಳಿಗೆ ಗಂಡು ನೋಡುವಾಗಲೂ ಇಷ್ಟು ಓಡಾಡಿರಲಿಲ್ಲ.

ಪಾತೇಲಿ ಎಂದರೆ ಅಗಲ ಬಾಯಿಯ, ಎರಡು ಕಡೆ ಹಿಡಿಕೆಯುಳ್ಳ ಅಡುಗೆ ಪಾತ್ರೆ. ಅವ್ವನದು ನೂರು ಜನರಿಗೆ ಗೋದಿ ಹುಗ್ಗಿ ಆಗುವಷ್ಟು ದೊಡ್ಡದು. ತುಂಬಿದಾಗ ಒಲೆಯಿಂದ ಇಳಿಸಲು ನಾಲ್ಕು ಜನ ಬೇಕು. ಖಾಲಿ ಇದ್ದಾಗಲೂ ಒಬ್ಬರ ಕೈಗೆ ಬಗ್ಗುವುದಿಲ್ಲ. ಅದರ ಕಂಠದ ಕೆಳಗೆ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ನಿಪ್ಪಾಣಿಯ ಬಾಂಡೆ ಅಂಗಡಿಯಲ್ಲಿ ಕೊಂಡು, ಕೆಂಪು ಬಸ್ಸಿನ ಮೇಲೆ ಹಾಕಿ ತಂದಾಗ ಇಳಿಸುವವನ ಕೈ ಜಾರಿ ರಾಯಬಾಗದ ಸ್ಟ್ಯಾಂಡಿನಲ್ಲಿ ಬಿತ್ತಂತೆ. "ಒಂದ ಕಾಳ ಕುದಿಸೂಕಿಂತ ಮೊದಲ ಪೆಟ್ಟ ತಿಂತು ನೋಡ, ನನ್ನಂಗ" ಎಂದು ಅವ್ವ ಹೇಳಿ ನಗುತ್ತಿದ್ದಳು.

ನಮ್ಮ ಕಡೆ ಬಾಂಡೆ, ಅಂದರೆ ಪಾತ್ರೆ, ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಅಂಗಡಿಯ ಬಾಗಿಲಲ್ಲೇ ಹೆಸರು ಹೊಡೆಯುವವನು ಕೂತಿರುತ್ತಾನೆ. ಆಗ ಸಣ್ಣ ಉಳಿ, ಸಣ್ಣ ಸುತ್ತಿಗೆ. ಅಕ್ಷರಗಳು ಚುಕ್ಕೆ ಚುಕ್ಕೆಯಾಗಿ ಮೂಡುತ್ತಿದ್ದವು. ಈಗ ಗುಂಯ್ ಎನ್ನುವ ಕರೆಂಟಿನ ಸೂಜಿ. ಹೆಸರು ಬೇಕೇ ಬೇಕು, ಏಕೆಂದರೆ ಲಗ್ನ, ತೊಟ್ಟಿಲು, ದಿನಕರ್ಮ ಎಂದು ಊರಿನ ಬಾಂಡೆಗಳೆಲ್ಲ ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತಿದ್ದವು. ಊಟವಾದ ಮರುದಿನ ಬೆಳಿಗ್ಗೆ ಲಗ್ನದ ಮನೆಯ ಅಂಗಳದಲ್ಲಿ ತೊಳೆದ ಬಾಂಡೆಗಳ ರಾಶಿ ಬೀಳುತ್ತಿತ್ತು, ಅದರ ಸುತ್ತ ಓಣಿಯ ಹೆಂಗಸರು. ಓದು ಬರುವವರೊಬ್ಬರು ಒಂದೊಂದೇ ಬಾಂಡೆ ಎತ್ತಿ ಹೆಸರು ಕೂಗಬೇಕು, ಆ ಮನೆಯವರು ಎದ್ದು ಒಯ್ಯಬೇಕು.

ನಾನು ಮೂರನೆಯ ಇಯತ್ತೆಗೆ ಬಂದ ಮೇಲೆ ನಮ್ಮ ಓಣಿಯಲ್ಲಿ ಆ ಅಧಿಕಾರ ನನ್ನದಾಯಿತು. ಅಧಿಕಾರ ಎಂದೇ ನಾನು ತಿಳಿದಿದ್ದೆ. ಅರ್ಧ ಬಾಂಡೆಗಳ ಮೇಲೆ ಕನ್ನಡ, ಅರ್ಧದ ಮೇಲೆ ಮರಾಠಿ. ಮರಾಠಿ ಅಕ್ಷರಗಳನ್ನು ನಾನು ಮೊದಲು ಕಲಿತದ್ದು ಶಾಲೆಯಲ್ಲಲ್ಲ, ಮೀರಜ, ಸಾಂಗಲಿ ಕಡೆಯಿಂದ ಬಂದ ಸೊಸೆಯರು ತವರಿನಿಂದ ತಂದ ಚರಿಗೆ, ಪರಾತಗಳ ಮೇಲೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ ಹಿತ್ತಾಳೆಯ ವಾಸನೆ, ಒದ್ದೆ ಅಂಗಳ, ನಾನು ಕೂಗಿದ ಕೂಡಲೇ "ನಂದ, ನಂದ" ಎನ್ನುತ್ತ ಏಳುವ ಕಾಕಿಯರು, ಅತ್ತೆಯರು. ಅವರಲ್ಲಿ ಈಗ ಉಳಿದವರು ಇಬ್ಬರೋ ಮೂವರೋ. ಯಾರ ಮನೆಯಲ್ಲಾದರೂ ಹಿತ್ತಾಳೆ ತಿಕ್ಕುವ ಸಪ್ಪಳ ಕೇಳಿದರೆ ಇವತ್ತಿಗೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ರಾಶಿಯಲ್ಲಿ ಕಡೆಗೆ ಉಳಿಯುತ್ತಿದ್ದದ್ದು ಅವ್ವನ ಪಾತೇಲಿ. ಅದರ ಮೇಲೆ ಕೂಗಲು ಏನೂ ಇರಲಿಲ್ಲ. "ಹೆಸರಿಲ್ಲದ್ದು!" ಎಂದು ನಾನು ಜೋರಾಗಿ ಕೂಗುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವ್ವ ಸೆರಗು ಸಿಕ್ಕಿಸಿಕೊಂಡು ಎದ್ದು ಬರುತ್ತಿದ್ದಳು.

ಅದಕ್ಕೆ ಹೆಸರು ಯಾಕಿರಲಿಲ್ಲ ಎಂಬುದು ನಮ್ಮ ಮನೆಯ ಹಳೆಯ ಜಗಳ. ಅಪ್ಪ ಚಹಾದ ಚಮಚದ ಮೇಲೂ ತನ್ನ ಹೆಸರು ಹಾಕಿಸಿದ ಮನುಷ್ಯ. ಪಾತೇಲಿ ಮಾತ್ರ ಅವ್ವ ಎಮ್ಮೆಯ ಹೈನು ಮಾರಿ, ವರ್ಷಗಟ್ಟಲೆ ಕೂಡಿಟ್ಟು ಕೊಂಡದ್ದು. ಹೆಸರು ಹೊಡೆಯುವವನು, "ಯಾರ ಹೆಸರ ಹಾಕ್ಲಿ, ಮಾವಶಿ?" ಎಂದು ಕೇಳಿದನಂತೆ.

"ಯಾರದೂ ಬ್ಯಾಡ."

"ಮನಿಯವರದ?"

"ಬ್ಯಾಡ ಅಂದ್ನೆಲ್ಲಪಾ."

"ಕಳದ್ರ ಸಿಗಾಂಗಿಲ್ಲ ಮತ್ತ."

"ಕಳದ್ರ ಕಳೀಲಿ" ಎಂದಳಂತೆ ಅವ್ವ. ಪಕ್ಕದಲ್ಲೇ ನಿಂತಿದ್ದ ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬಸ್ಸು ಚಿಕ್ಕೋಡಿ ದಾಟಿದರೂ ಬಾಯಿ ಬಿಡಲಿಲ್ಲ. ಆಮೇಲೆ ರಾಯಬಾಗದಲ್ಲಿ ಪಾತೇಲಿ ಬಿದ್ದಾಗ ಮಾತ್ರ, "ಹೆಸರಿದ್ದಿದ್ರ ಬೀಳ್ತಿರ್ಲಿಲ್ಲ" ಎಂದನಂತೆ. ಇದು ಎಂಥ ತರ್ಕವೋ ದೇವರೇ ಬಲ್ಲ.

ಅವ್ವ ತನ್ನ ಕಾರಣವನ್ನು ನನಗೆ ಹೇಳಿದ್ದು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ. ನಾನು ನಿಪ್ಪಾಣಿಯಿಂದ ತವರಿಗೆ ಹೋಗಿದ್ದೆ. ತವರು ರಾಯಬಾಗ ತಾಲೂಕಿನ ಹೊಳೆದಂಡೆಯ ಹಳ್ಳಿ. ಅವ್ವ ನನ್ನ ತಮ್ಮನ ಸಂಸಾರದ ಜೊತೆ ಅಲ್ಲಿದ್ದಳು. ಮಧ್ಯಾಹ್ನ, ಊಟವಾಗಿತ್ತು. ಅವಳು ಹೊರಸಿನ ಮೇಲೆ ಮಲಗಿ ಅಟ್ಟವನ್ನೇ ನೋಡುತ್ತಿದ್ದಳು. ಅಟ್ಟದ ಮೇಲೆ ಪಾತೇಲಿ ಬೋರಲಾಗಿತ್ತು. ಲಗ್ನಗಳಿಗೆ ಕೇಟರಿಂಗಿನವರು ತಮ್ಮ ಬಾಂಡೆ ತಾವೇ ತರತೊಡಗಿ ಅದಕ್ಕೆ ಕೆಲಸವಿಲ್ಲದಂತಾಗಿ ಎಷ್ಟೋ ವರ್ಷವಾಗಿತ್ತು.

"ನಾ ಹ್ವಾದ ಮ್ಯಾಲ ಅದನ್ನ ನಾಕ ಮಂದಿ ಉಣ್ಣೂ ಕಡೆ ಕೊಟ್ಟ ಬಿಡ" ಎಂದಳು. "ಮಾರಬ್ಯಾಡ. ಹೆಸರ ಹಾಕಸಬ್ಯಾಡ. ನಂದೂ ಬ್ಯಾಡ, ನಿಮ್ಮಪ್ಪಂದೂ ಬ್ಯಾಡ."

"ಯಾಕವ್ವಾ, ಒಂದ ಹೆಸರಿದ್ರ ಏನ ಆಕ್ಕತಿ?" ಎಂದೆ.

ಆಗ ಹೇಳಿದಳು. ಅವಳ ತವರು ಕೃಷ್ಣೆಯ ಆಚೆ ದಂಡೆ. ಅವಳಿಗೆ ಹತ್ತೋ ಹನ್ನೊಂದೋ ಇದ್ದಾಗ ಹೊಳೆ ಊರೊಳಗೆ ಬಂತು. ಊರೆಲ್ಲ ಒಂದು ಗುಡಿಯ ಪೌಳಿಯಲ್ಲಿ ವಾರಗಟ್ಟಲೆ ಕೂತಿತು. ದೊಡ್ಡ ಸಾಹುಕಾರನೊಬ್ಬ ದಿನಾ ಎರಡು ಹೊತ್ತು ಅಂಬಲಿ ಕಳಿಸಿದ. ಹಂಡೆಯ ಮೇಲೆ ದಪ್ಪ ಅಕ್ಷರದಲ್ಲಿ ಅವನ ಹೆಸರಿತ್ತು. ಹುಡುಗರು ಸಾಲಾಗಿ ಬಂದು, ಆ ಅಕ್ಷರಗಳ ಮೇಲೆ ಕೈ ಆಡಿಸಿ, ಹೆಸರು ಹೇಳಿ, ಆಮೇಲೆ ತಟ್ಟೆ ಒಡ್ಡಬೇಕು.

"ಕೊಟ್ಟಾಂವ ಪುಣ್ಯವಂತನ. ಅಂವಾ ಕೊಡದಿದ್ರ ನಾವ್ ಯಾರೂ ಉಳೀತಿರ್ಲಿಲ್ಲ, ಖರೇನ. ಆದ್ರ ಉಣ್ಣುವಾಗ ಆ ಹೆಸರ ಗಂಟಲದಾಗ ಸಿಕ್ಕೊಂತಿತ್ತ ನೋಡ" ಎಂದಳು. ಆಮೇಲೆ ಹೊರಸಿನಿಂದ ಕೈ ಇಳಿಬಿಟ್ಟು, ನೆಲದ ಧೂಳಿನಲ್ಲಿ ಬೆರಳಿನಿಂದ ಏನನ್ನೋ ಬರೆದಳು. ಬಗ್ಗಿ ನೋಡಿದೆ. ಐದು ಅಕ್ಷರ, ಒಂದೂ ತಪ್ಪಿರಲಿಲ್ಲ. ಆ ಸಾಹುಕಾರನ ಹೆಸರು.

ನಾನು ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು. ಅವ್ವನಿಗೆ ಅವಳ ಹೆಸರು ಬರೆಯಲು ಕಲಿಸಬೇಕೆಂದು ಎಷ್ಟು ಸಲ ಪಾಟಿ ಹಿಡಿದು ಕೂತಿದ್ದೇನೋ ಲೆಕ್ಕವಿಲ್ಲ. "ನನ್ನ ತಲಿಗೆ ಹತ್ತಾಂಗಿಲ್ಲ ತಗಿ" ಎಂದು ಎದ್ದು ಹೋಗುತ್ತಿದ್ದಳು, ಎಲ್ಲ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಅವಳಿಗೆ ಬರುತ್ತಿದ್ದ ಒಂದೇ ಹೆಸರು ಇದು. ನನಗೆ ಅಳು ಬಂತು, ಎದ್ದು ಹಿತ್ತಲಿಗೆ ಹೋದೆ. ಪಾತೇಲಿಯನ್ನು ಅವಳು ಹೇಳಿದಂತೆಯೇ ಕೊಡುತ್ತೇನೆ ಎಂದು ಸಂಜೆ ಅವಳ ಕೈ ಹಿಡಿದು ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ. ಅವ್ವ ತೀರಿ ವರ್ಷಾಂತಕವಾದ ಮೇಲೆ ತಮ್ಮನೂ ನಾನೂ ಪಾತೇಲಿಯನ್ನು ಇಳಿಸಿ, ತೊಳೆದು, ಊರಿನ ಸಮುದಾಯ ಭವನಕ್ಕೆ ಒಯ್ದೆವು. ಅಲ್ಲಿ ಬಡವರ ಲಗ್ನಗಳು ಆಗುತ್ತವೆ, ಬಾಂಡೆ ಪುಕ್ಕಟೆ ಕೊಡುತ್ತಾರೆ. ಅಲ್ಲಿಯ ಕಾರ್ಯದರ್ಶಿ ಪಾತೇಲಿಯನ್ನು ಸುತ್ತು ಹಾಕಿ ನೋಡಿದರು.

"ಹೆಸರ ಎಲ್ಲೈತ್ರಿ ಅಕ್ಕಾರ?"

"ಇಲ್ರಿ. ಹಾಂಗ ಇರ್ಲಿ."

"ಹಾಂಗ ಹ್ಯಾಂಗ ಇರ್ತೈತ್ರಿ? ನಾಳಿ ಯಾರರ ಕೇಳಿದ್ರ ಏನಂತ ಹೇಳೂದು?"

"ಭವನದ್ದು ಅಂತ ಹೇಳ್ರಿ."

ಅವರಿಗೆ ಅದು ಒಗ್ಗಲಿಲ್ಲ, ಆದರೂ ಇಟ್ಟುಕೊಂಡರು. ಹದಿನೈದು ದಿನಕ್ಕೆ ತಮ್ಮನ ಫೋನು: "ಅಕ್ಕಾ, ಪಾತೇಲಿ ಮನಿಗಿ ಬಂದೈತಿ." ಯಾರದೋ ಲಗ್ನ ಮುಗಿದ ಮೇಲೆ ಬಾಂಡೆಗಳನ್ನು ಹೆಸರು ನೋಡಿ ವಿಂಗಡಿಸಿದ್ದಾರೆ, ಹೆಸರಿಲ್ಲದ್ದು ಒಂದು ಉಳಿದಿದೆ. ಊರಿನ ಮುದುಕಿಯೊಬ್ಬಳು ತಗ್ಗಿನ ಮೇಲೆ ಬೆರಳಿಟ್ಟು, ಇದು ಇಂಥವರ ಮನೆಯದು ಎಂದು ಗುರುತು ಹೇಳಿದ್ದಾಳೆ. ಒಳ್ಳೆಯ ಮಂದಿ, ಟ್ರ್ಯಾಕ್ಟರಿನಲ್ಲಿ ಹಾಕಿ ಮನೆಗೆ ಮುಟ್ಟಿಸಿದ್ದಾರೆ. ತಮ್ಮ ತಿರುಗಿ ಒಯ್ದು ಕೊಟ್ಟ. ಮುಂದಿನ ಲಗ್ನದ ಮೇಲೆ ಮತ್ತೆ ಬಂತು. ಈ ಸಲ ಒಳಗೆ ಒಂದು ಪೊಟ್ಟಣ ಬುಂದಿಯನ್ನೂ ಇಟ್ಟಿದ್ದರು, ಎರವಲು ಕೊಟ್ಟ ಉಪಕಾರಕ್ಕೆ.

ಪ್ರಾಮಾಣಿಕರ ಊರಿನಲ್ಲಿ ದಾನ ಮಾಡುವುದು ಇನ್ನೂ ಕಠಿಣ ಎಂದು ತಮ್ಮ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಮೂರನೆಯ ಸಲ ನಾನೇ ಹೋಗಿ, ಇದು ನಮ್ಮದಲ್ಲ, ಭವನದ್ದು, ತಿರುಗಿ ಕಳಿಸಬೇಡಿ ಎಂದು ಕಾರ್ಯದರ್ಶಿಗೆ ಒತ್ತಿ ಹೇಳಿಬಂದೆ. ಅವರು ಬಹಳ ವಿಚಾರ ಮಾಡಿ ಒಂದು ಉಪಾಯ ಕಂಡುಕೊಂಡರು. ಮುಂದಿನ ತಿಂಗಳು ತವರಿಗೆ ಹೋದಾಗ ನೋಡುತ್ತೇನೆ, ಪಾತೇಲಿಯ ಹೊಟ್ಟೆಯ ಮೇಲೆ ಕೆಂಪು ಆಯಿಲ್ ಪೇಂಟಿನಲ್ಲಿ ಅವ್ವನ ಹೆಸರು, ಕೆಳಗೆ "ಇವರ ಸ್ಮರಣಾರ್ಥ". ಅದರ ಕೆಳಗೆ ಬಿಡಿಸಿದ ಹೂವು ಬೇರೆ.

"ಚಲೋ ಕಾಣ್ತೈತಲ್ರೀ?" ಎಂದರು ಕಾರ್ಯದರ್ಶಿ, ಖುಷಿಯಿಂದ. ಪೇಂಟರನಿಗೆ ತಮ್ಮ ಕಿಸೆಯಿಂದಲೇ ಕೊಟ್ಟಿದ್ದರಂತೆ. ಅವರನ್ನು ಬೈಯುವುದಾದರೂ ಹೇಗೆ? ನಾನು ಅಲ್ಲೇ ಕೂತು, ಸೀಮೆ‌ಎಣ್ಣೆಯ ಅರಿವೆಯಿಂದ ಅವ್ವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒರೆಸಿದೆ. ಮಗಳು ತಾಯಿಯ ಹೆಸರು ಅಳಿಸುತ್ತಿರುವುದನ್ನು ಜನ ಬಾಗಿಲಲ್ಲಿ ನಿಂತು ನೋಡಿದರು. ಅವರು ಏನು ತಿಳಿದುಕೊಂಡರೆಂದು ನನಗೆ ಗೊತ್ತು. ಪಾತೇಲಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ನಿಪ್ಪಾಣಿಗೆ ಬಂದೆ.

ನಿಪ್ಪಾಣಿಯಲ್ಲಿ ಕಲಾಯಿ ಹಾಕುವ ಮುದುಕರೊಬ್ಬರು ಇನ್ನೂ ಇದ್ದಾರೆ. ಹಿಂದೆ ಅವರೂ ಅವರ ತಂದೆಯೂ ತಿದಿ ಹೊತ್ತುಕೊಂಡು ಅಕ್ಕೋಳ, ಚಿಂಚಲಿ ಎಂದು ಹಳ್ಳಿಹಳ್ಳಿ ತಿರುಗುತ್ತಿದ್ದರು. ಪಾತೇಲಿ ನೋಡಿ ಅವರ ಮುಖ ಅರಳಿತು. ಅರ್ಧ ದಿನ ಬೆಂಕಿಯ ಮುಂದೆ ಕೂತು, ಒಳಗೆಲ್ಲ ತವರ ಸವರಿ, ಕನ್ನಡಿ ಮಾಡಿಕೊಟ್ಟರು. "ಅಡಗಿಗೆ ಬಳಸವ್ರಿಗೇ ಕೊಡ್ರಿ ಬಾಯಾರ. ಈಗ ಹಿತ್ತಾಳಿ ಅಂದ್ರ ಮಂದಿ ಶೋಕಿಗೆ ಇಡ್ತಾರ" ಎಂದರು. ನಾನು ಅವರ ಮಾತನ್ನು ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಹಚ್ಚಿಕೊಳ್ಳಬೇಕಾಗಿತ್ತು.

ಚಿಕ್ಕೋಡಿಯ ದಾರಿಯಲ್ಲಿ ವೃದ್ಧರನ್ನು ಇಟ್ಟುಕೊಳ್ಳುವ ಒಂದು ಆಶ್ರಮವಿತ್ತು. ಫೋನು ಮಾಡಿದೆ. ಮ್ಯಾನೇಜರು ಬಹಳ ಮರ್ಯಾದೆಯ ಮನುಷ್ಯ. ಅವರ ಮರ್ಯಾದೆಯೇ ನನಗೆ ಮುಳುವಾಯಿತು. ಪಾತೇಲಿ ಇಳಿಸುವಷ್ಟರಲ್ಲಿ ಬಾಗಿಲಿಗೆ ಬ್ಯಾನರ್ ಕಟ್ಟಿದ್ದರು, ಮೇಜಿನ ಮೇಲೆ ಶಾಲು, ಹಾರ, ಒಂದು ಫಲಕ. ಊಟಕ್ಕೆ ಕಾಯುತ್ತಿದ್ದ ಅಜ್ಜ ಅಜ್ಜಿಯರನ್ನು ಸಾಲಾಗಿ ಕೂರಿಸಿದ್ದರು, ಚಪ್ಪಾಳೆ ಹೊಡೆಯಲು.

"ಫೋಟೋ ಬ್ಯಾಡ್ರಿ" ಎಂದೆ.

"ಒಂದ ಫೋಟೋ ಮೇಡಂ. ಗ್ರೂಪಿಗೆ ಹಾಕಿದ್ರ ನಾಕ ಮಂದಿಗಿ ಪ್ರೇರಣಾ ಆಕ್ಕತಿ."

"ಹೆಸರೂ ಬ್ಯಾಡ್ರಿ."

"ಹಂಗಾರ ಗುಪ್ತದಾನ ಅಂತ ಬರೀತೀವಿ" ಎಂದರು. ಬರೆದರು ಕೂಡ. ನನ್ನ ಮುಖ ಢಾಳಾಗಿ ಕಾಣುವ ಫೋಟೋದ ಕೆಳಗೆ "ಗುಪ್ತದಾನ" ಎಂದು ಬರೆದು ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ನಿಪ್ಪಾಣಿಯಲ್ಲಿ ನನಗೆ ನಮಸ್ಕಾರ ಮಾಡದವರು ಪಾಪಿಗಳು.

ಅದು ಹೋಗಲಿ, ಪಾತೇಲಿಯಲ್ಲಿ ಅನ್ನ ಬೇಯುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎರಡು ತಿಂಗಳ ಮೇಲೆ ಚಿಕ್ಕೋಡಿಗೆ ಹೊರಟವಳು ಸುಮ್ಮನೆ ಒಳಗೆ ಹೊಕ್ಕೆ. ಆಫೀಸಿನ ಬಾಗಿಲಲ್ಲೇ ಅವ್ವನ ಪಾತೇಲಿ. ತುಂಬ ನೀರು, ನೀರಿನ ಮೇಲೆ ಗುಲಾಬಿ ಪಕಳೆ, ನಡುವೆ ತೇಲುವ ಪ್ಲಾಸ್ಟಿಕ್ಕಿನ ಕಮಲ. ಕಮಲದೊಳಗೆ ಬ್ಯಾಟರಿಯ ದೀಪ, ಒಮ್ಮೆ ನೀಲಿ, ಒಮ್ಮೆ ಕೆಂಪು.

ನನಗೆ ಬಂದ ಸಿಟ್ಟನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಕಮಲವನ್ನು ಎತ್ತಿ ಅಂಗಳಕ್ಕೆ ಒಗೆದೆ. "ಇದರಾಗ ಅನ್ನಾ ಕುದೀಬೇಕ್ರಿ, ಅನ್ನಾ!" ಎಂದು ಕೂಗಿದೆ. ಮ್ಯಾನೇಜರು ಗಾಬರಿಯಾದರು. ಅವರ ಗ್ಯಾಸಿನ ಒಲೆ ಸಣ್ಣದಂತೆ, ಅಡುಗೆಯವರಿಗೆ ಎತ್ತಲು ಆಗುವುದಿಲ್ಲವಂತೆ, ಮೂವತ್ತು ಜನರಿಗೆ ಇಷ್ಟು ದೊಡ್ಡದು ಬೇಡವಂತೆ. ಮೊದಲೇ ಹೇಳಿದರೆ ನನಗೆ ಬೇಸರವಾದೀತೆಂದು ಹೇಳಲಿಲ್ಲವಂತೆ. ಅವರು ಹೇಳಿದ್ದೂ ಸುಳ್ಳಲ್ಲ. ಅವರಿಗೆ ಏನು ಬೇಕು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವ್ವನ ಮಾತು ಇಳಿಸಿ ಹಗುರಾಗುವ ಅವಸರ ನನಗೆ. ಆ ಕಡೆಯೂ ತಪ್ಪಿತ್ತು, ಈ ಕಡೆಯೂ ಇತ್ತು. ಪಾತೇಲಿ ಮತ್ತೆ ಟೆಂಪೋ ಹತ್ತಿತು.

ಈ ಹೆಸರಿನ ಹುಚ್ಚು ನನಗೆ ಹೊಸದೇನಲ್ಲ. ನಾನಿದ್ದ ಒಂದು ಶಾಲೆಗೆ ದಾನಿಗಳೊಬ್ಬರು ಫ್ಯಾನು ಕೊಟ್ಟರು. ಮೂರೂ ರೆಕ್ಕೆಯ ಮೇಲೆ ತಮ್ಮ ಹೆಸರು ಬರೆಸಿದ್ದರು. ಕಾರ್ಯಕ್ರಮದ ದಿನ ಕಡುಬೇಸಿಗೆ. ಯಾರೋ ಬಟನ್ ಒತ್ತಿದರು. ಫ್ಯಾನು ತಿರುಗಿದರೆ ಹೆಸರು ಓದಲು ಬರುವುದಿಲ್ಲವೆಂದು ದಾನಿಗಳು ಬಂದ್ ಮಾಡಿಸಿದರು. ಅವರ ಭಾಷಣ ಮುಗಿಯುವವರೆಗೆ ನಾವೆಲ್ಲ ಫ್ಯಾನಿನ ಕೆಳಗೆ ಕೂತು ನೋಟ್‌ಬುಕ್ಕಿನಿಂದ ಗಾಳಿ ಹಾಕಿಕೊಂಡೆವು. ಆಗ ನಕ್ಕು ನಕ್ಕು ಸುಸ್ತಾಗಿದ್ದೆ. ಹೆಸರು ಬೇಡವೆನ್ನುವವರ ಪಾಡು ಅದಕ್ಕಿಂತ ಕಷ್ಟ ಎಂದು ಆಗ ಎಲ್ಲಿ ಗೊತ್ತಿತ್ತು?

ಅಥಣಿ ಕಡೆಯ ಇನ್ನೊಂದು ಸಂಸ್ಥೆಗೂ ಕೇಳಿದೆ. "ಸಾಮಾನ ತಗೋಳಾಂಗಿಲ್ರಿ, ಸ್ಕ್ಯಾನ್ ಮಾಡ್ರಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆದರೆ ನನ್ನ ನಂಬರು, ಮನೆಯ ವಿಶೇಷ ದಿನಗಳ ತಾರೀಖು ಮಾತ್ರ ಕೇಳಿ ಬರೆದುಕೊಂಡರು. ಅಂದಿನಿಂದ ನನ್ನ ಹುಟ್ಟುಹಬ್ಬಕ್ಕೆ, ನನ್ನ ಮದುವೆಯ ದಿನಕ್ಕೆ, ಕೊನೆಗೆ ಅವ್ವನ ತಿಥಿಗೆ ಕೂಡ ಮೆಸೇಜು: ಈ ಶುಭದಿನದಂದು ದಾನ ಮಾಡಿ. ತಿಥಿಯನ್ನು ಶುಭದಿನ ಎಂದವರಿಗೆ ನಾನು ಉತ್ತರ ಬರೆಯಲಿಲ್ಲ. ಪಾತೇಲಿ ನಮ್ಮ ಮನೆಯ ಮೆಟ್ಟಿಲ ಕೆಳಗೆ ಬೋರಲಾಗಿ ಕೂತಿತು. ಹೋಗುತ್ತ ಬರುತ್ತ ಅದು ನನ್ನನ್ನು ನೋಡುತ್ತಿತ್ತು, ನಾನು ಮುಖ ತಪ್ಪಿಸುತ್ತಿದ್ದೆ. "ಒಂದ ಹೆಸರ ಹಾಕ್ಸಿ ಯಾರಿಗರ ಕೊಟ್ಟ ಬಿಡ ಅಕ್ಕಾ, ಅವ್ವ ಏನ ನೋಡಾಕ ಬರ್ತಾಳೇನ?" ಎಂದು ತಮ್ಮ ಒಂದೆರಡು ಸಲ ಅಂದ. ನಿಜ ಹೇಳಬೇಕೆಂದರೆ, ಒಮ್ಮೆ ಹೆಸರು ಹೊಡೆಯುವ ಸೂಜಿಯವನ ಅಂಗಡಿಯ ತನಕ ಹೋಗಿ ತಿರುಗಿ ಬಂದಿದ್ದೇನೆ.

ಆಮೇಲೆ ಒಂದು ಮಳೆಗಾಲ ಹೊಳೆ ಬಂತು. ನಮ್ಮ ಕಡೆ ಹೊಳೆ ಬಂತು ಎಂದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಕಾಗವಾಡದ ಆಚೆ ಎತ್ತರದ ಒಂದು ಶಾಲೆಯಲ್ಲಿ ನದಿದಂಡೆಯ ಜನ ಬಂದು ತುಂಬಿದ್ದರು. ಅಲ್ಲಿಯ ಹೆಡ್‌ಮಾಸ್ತರು ನನ್ನ ಹಳೆಯ ಜೊತೆಗಾರರು. "ಅಕ್ಕಿ ಅದಾವ್ರಿ, ಬ್ಯಾಳಿ ಐತಿ, ಕುದಿಸಾಕ ದೊಡ್ಡ ಬಾಂಡೆ ಸಾಲವಲ್ಲವು" ಎಂದು ಫೋನಿನಲ್ಲಿ ಹೇಳಿದರು. ಇದೇ ಮೊದಲ ಸಲ ಯಾರೋ ತಾವಾಗಿ ಬೇಕು ಎಂದು ಕೇಳಿದ್ದು. ನಾನು ಓಣಿಯಲ್ಲೆಲ್ಲ ತಿರುಗಿದೆ. ಎಲ್ಲರೂ ಅಟ್ಟದಿಂದ ಬಾಂಡೆ ಇಳಿಸಿದರು, ತಮ್ಮ ತಮ್ಮ ಹೆಸರಿನವು. ಅವುಗಳ ನಡುವೆ ಅವ್ವನ ಪಾತೇಲಿಯನ್ನೂ ಟೆಂಪೋಕ್ಕೆ ಹಾಕಿಸಿದೆ. ಇದು ನಮ್ಮದು ಎಂದು ಹೆಡ್‌ಮಾಸ್ತರಿಗೂ ಹೇಳಲಿಲ್ಲ.

ಒಂಬತ್ತು ದಿನ ನಾನು ಅಲ್ಲೇ ಇದ್ದೆ. ಅಡುಗೆಯ ಉಸ್ತುವಾರಿ ನದಿದಂಡೆಯ ವಸ್ತಿಯಿಂದಲೇ ಬಂದಿದ್ದ ಮರಾಠಿ ಹೆಂಗಸೊಬ್ಬಳದು. ನನ್ನ ವಯಸ್ಸಿನವಳೇ. ಮನೆ ನೀರಿನಲ್ಲಿದ್ದರೂ ಒಲೆಯ ಮುಂದೆ ನಿಂತರೆ ದಂಡನ್ನು ಆಳುವವಳಂತೆ ಕಾಣುತ್ತಿದ್ದಳು. ಮೊದಲ ದಿನವೇ ಹತ್ತು ಬಾಂಡೆಗಳನ್ನು ಬೆರಳಿನಿಂದ ಬಡಿದು ನೋಡಿ, ಅವ್ವನ ಪಾತೇಲಿಯನ್ನು ದೊಡ್ಡ ಒಲೆಗೆ ಏರಿಸಿದಳು. ಮತ್ತೆ ಇಳಿಸಲಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಂಜೆ ಖಿಚಡಿ. ಹೊರಗೆ ಬಂದಿಳಿಯುತ್ತಿದ್ದ ಬಿಸ್ಕಿಟ್ ಡಬ್ಬಿ, ನೀರಿನ ಬಾಟಲಿಗಳ ಮೇಲೆಲ್ಲ ಯಾರ್ಯಾರದೋ ಕೈಮುಗಿದ ಫೋಟೋ. ಪಾತೇಲಿಯ ಹೊಟ್ಟೆ ಮಾತ್ರ ಮಸಿ ಹಿಡಿದು ಕಪ್ಪಾಯಿತು.

ಹತ್ತು ಹನ್ನೊಂದರ ಹುಡುಗಿಯೊಬ್ಬಳು ದಿನಾ ಎರಡನೆಯ ಸಲ ತಟ್ಟೆ ಹಿಡಿದು ಬರುತ್ತಿದ್ದಳು. ಬಂದು ಪಾತೇಲಿಯೊಳಗೆ ಇಣುಕಿ, ತಳದ ಗಟ್ಟಿ ಅನ್ನ ಬೇಕೆಂದು ಬೆರಳು ತೋರಿಸುತ್ತಿದ್ದಳು. ಯಾರ ಹೆಸರನ್ನೂ ಹೇಳದೆ ತಟ್ಟೆ ತುಂಬಿಸಿಕೊಂಡು ಓಡುತ್ತಿದ್ದಳು. ನಾನು ನೆಪ ಮಾಡಿಕೊಂಡು ದಿನಾ ಆ ಹೊತ್ತಿಗೆ ಒಲೆಯ ಹತ್ತಿರ ನಿಲ್ಲುತ್ತಿದ್ದೆ.

ಹತ್ತನೆಯ ದಿನ ನೀರು ಇಳಿಯಿತು. ಜನ ಗಂಟು ಕಟ್ಟಿದರು. ಶಾಲೆಯ ಅಂಗಳದಲ್ಲಿ ತೊಳೆದ ಬಾಂಡೆಗಳ ರಾಶಿ ಬಿತ್ತು. ಹುಣಸೆಹಣ್ಣು, ಬೂದಿ, ಒದ್ದೆ ನೆಲ. ಬಾಂಡೆ ಒಯ್ಯಲು ನಿಪ್ಪಾಣಿಯಿಂದ, ಸುತ್ತಲಿನ ಹಳ್ಳಿಗಳಿಂದ ಮಂದಿ ಬಂದು ಕೂತಿದ್ದರು. "ಅಕ್ಕಾರ, ನಿಮಗ ಎರಡೂ ಲಿಪಿ ಬರ್ತಾವ, ನೀವ ಕೂಗ್ರಿ" ಎಂದರು ಹೆಡ್‌ಮಾಸ್ತರು.

ಐವತ್ತು ವರ್ಷದ ಮೇಲೆ ನಾನು ಮತ್ತೆ ಬಾಂಡೆಗಳ ರಾಶಿಯ ಮುಂದೆ ಕೂತೆ. ಒಂದೊಂದೇ ಎತ್ತಿ ಕೂಗಿದೆ. ಕನ್ನಡದ ಹೆಸರು, ಮರಾಠಿಯ ಹೆಸರು. "ನಂದ", "ಆಮಚ" ಎನ್ನುತ್ತ ಒಬ್ಬೊಬ್ಬರೇ ಎದ್ದು ಬಂದು ಒಯ್ದರು. ರಾಶಿ ಕರಗಿತು. ಕಡೆಗೆ ಅದೊಂದೇ ಉಳಿಯಿತು. ಹಳೆಯ ರೂಢಿಯಂತೆ ಜೋರಾಗಿಯೇ ಕೂಗಿದೆ.

"ಹೆಸರಿಲ್ಲದ್ದು!"

ಯಾರೂ ನಗಲಿಲ್ಲ. ಯಾರೂ ಏಳಲಿಲ್ಲ. ನಾನು ಒಂದು ಕ್ಷಣ ಕಾದೆ. ಯಾರಿಗಾಗಿ ಕಾದೆ ಎಂದು ನನಗೇ ಗೊತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಏಳುವವಳು ಇನ್ನು ಏಳುವುದಿಲ್ಲ ಎಂಬುದು, ಅವ್ವ ಸತ್ತ ದಿನ ಕೂಡ ಅಷ್ಟು ಸ್ಪಷ್ಟವಾಗಿ ನನಗೆ ತಿಳಿದಿರಲಿಲ್ಲ.

ಅಡುಗೆಯ ಹೆಂಗಸು ಹತ್ತಿರ ಬಂದು ಪಾತೇಲಿಯ ಅಂಚು ಹಿಡಿದಳು. "ಕುಣಾಚ ಹಾಯ್ ಹೇ?" ಎಂದಳು. ಯಾರದು ಇದು?

ಸುಳ್ಳು ಹೇಳಲು ನನಗೆ ಮರಾಠಿ ಸುಲಭವಾಯಿತು. "ಠಾವುಕ ನಾಯ್ ಬಾಯಿ. ಆಮಚ ನಾಯ್" ಎಂದೆ. ಗೊತ್ತಿಲ್ಲವ್ವಾ, ನಮ್ಮದಲ್ಲ.

ತಮ್ಮ ವಸ್ತಿಯಲ್ಲಿ ಮನೆಗಳ ತುಂಬ ಕೆಸರಿದೆ, ಒಲೆಗಳು ಕರಗಿ ಹೋಗಿವೆ, ಇನ್ನೂ ಎಷ್ಟೋ ದಿನ ಎಲ್ಲರೂ ಒಂದೇ ಕಡೆ ಬೇಯಿಸಿಕೊಳ್ಳಬೇಕು, ಯಾರೂ ಕೇಳದಿದ್ದರೆ ಒಯ್ಯಲೇ ಎಂದು ಅವಳು ಕೇಳಿದಳು. ನಾನು ಹೆಡ್‌ಮಾಸ್ತರ ಕಡೆ ನೋಡಿದೆ, ಅವರು ಆಗಲಿ ಎಂದರು. ಪಾತೇಲಿಯನ್ನು ಎತ್ತಲು ನಾನೇ ಒಂದು ಕಡೆ ಹಿಡಿದೆ. ಟೆಂಪೋದ ತನಕ ಹತ್ತು ಹೆಜ್ಜೆ. ನನ್ನ ಹೆಬ್ಬೆರಳು ತಾನಾಗಿ ಆ ತಗ್ಗಿನಲ್ಲಿ ಹೋಗಿ ಕೂತಿತ್ತು. ಬಿಡುವಾಗ ಕೈ ಸ್ವಲ್ಪ ತಡೆಯಿತು, ಅವಳು ನನ್ನ ಮುಖ ನೋಡಿದಳು.

ಅವಳ ಹೆಸರು ನಾನು ಕೇಳಿಕೊಳ್ಳಲಿಲ್ಲ, ನನ್ನದು ಅವಳೂ ಕೇಳಲಿಲ್ಲ. ಮುಂದೆ ಎಷ್ಟೋ ದಿನ, ಮನೆಯ ಮುಂದೆ ಯಾವುದೇ ಟೆಂಪೋ ನಿಂತರೂ ಕೈಯ ಕೆಲಸ ಬಿಟ್ಟು ಏಳುತ್ತಿದ್ದೆ. ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದೆ. ಒಮ್ಮೆ ಗ್ಯಾಸಿನವನು, ಒಮ್ಮೆ ಹಳೆ ಪೇಪರಿನವನು. ಈಗ ವರ್ಷವಾಗುತ್ತ ಬಂತು.

ಯಾರೂ ತಿರುಗಿ ತಂದುಕೊಡಲಿಲ್ಲ, ಅವ್ವಾ.